ಮಂಗಳವೇಢೆಯಲ್ಲಿ ಮನೆ ಎಣಿಸಿದ ಕಥೆ

ಸೊಲ್ಲಾಪುರದಿಂದ ಹೊರಟ ಬಸ್ಸು ಬೇಗಂಪುರವನ್ನು ಹಿಂದಿಟ್ಟು ಭೀಮಾನದಿಯ ಸೇತುವೆಯನ್ನು ದಾಟಿತೆಂದರೆ ಮಾಚಣೂರು ಬರುತ್ತದೆ. ಹೊಳೆಯ ದಂಡೆಯ ಮೇಲೆ ಸಿದ್ಧೇಶ್ವರನ ಹಳೆಯ ದೇವಾಲಯವಿದೆ. ಅದರ ಸಮೀಪದ ಬ್ರಹ್ಮಪುರಿಯಲ್ಲಿ ಮೊಗಲ ಬಾದಶಹ ಔರಂಗಜೇಬನು 1695ರಿಂದ 1699ರವರೆಗೆ ದಂಡು ಇಳಿಸಿಕೊಂಡು ಕುಳಿತಿದ್ದನು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿಗೆ ಕಣ್ಣು ಹರಿಯುವಷ್ಟು ದೂರ ಎರೆಯ ಭೂಮಿ. ದೀಪಾವಳಿ ಮುಗಿದು ನಾಲ್ಕು ದಿನಗಳಾಗಿದ್ದವು. ಹಿಂಗಾರಿ ಜೋಳವು ಮೊಣಕಾಲೆತ್ತರ ಬೆಳೆದು ಬೆಳಗಿನ ಗಾಳಿಗೆ ಓಲಾಡುತ್ತಿತ್ತು.

ನಾವು ಅಕ್ಕಲಕೋಟೆಯ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮುಖ್ಯಾಧ್ಯಾಪಕರು. ನಮ್ಮೊಡನೆ ಇಬ್ಬರು ಕಿರಿಯ ಶಿಕ್ಷಕರಿದ್ದರು. ಮೂವರ ಕೈಚೀಲಗಳಲ್ಲಿಯೂ ಅಚ್ಚು ಹಾಕಿಸಿದ ಪ್ರಶ್ನಾವಳಿಯ ಹಾಳೆಗಳಿದ್ದವು. ಮಂಗಳವೇಢೆ ತಾಲೂಕಿನ ದಕ್ಷಿಣಕ್ಕೆ, ವಿಜಯಪುರ ಜಿಲ್ಲೆಗೂ ಜತ್ತ ತಾಲೂಕಿಗೂ ಅಂಟಿಕೊಂಡಿರುವ ಹಳ್ಳಿಗಳಲ್ಲಿ ಕನ್ನಡ ಮನೆತನಗಳು ಎಷ್ಟಿವೆ, ಅವುಗಳಿಗೆ ಏನು ಬೇಕಾಗಿದೆ ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಂಡು ಸಂಬಂಧಪಟ್ಟವರ ಮುಂದಿಡಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ರಜೆಯ ಎಂಟು ದಿನಗಳಲ್ಲಿ ಕೆಲಸ ಮುಗಿಯುವುದೆಂದು ನಂಬಿದ್ದೆವು. ಮುಗಿಯಲಿಲ್ಲ. ಏಕೆ ಮುಗಿಯಲಿಲ್ಲ, ಅದರಿಂದ ನಾವು ಏನು ಕಲಿತೆವು ಎಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ. ನಮ್ಮಂತೆಯೇ ಗಡಿಯಾಚೆಯ ಊರುಗಳಲ್ಲಿ ಬಾಳುತ್ತಿರುವ ವಾಚಕ ಬಂಧುಗಳಿಗೆ ಇದು ಪ್ರಯೋಜನಕ್ಕೆ ಬಂದೀತೆಂದು ಭಾವಿಸಿದ್ದೇವೆ.

ಮಂಗಳವೇಢೆ ಪೇಟೆಯನ್ನು ಸೇರಿದೊಡನೆ ಹಳ್ಳಿಗೆ ಹೋಗಲಿಲ್ಲ. ಅಂಥ ಊರಿಗೆ ಬಂದು ಅದರ ಹಿರಿಯರನ್ನು ನೆನೆಯದೆ ಮುಂದೆ ಹೋಗುವುದು ಸಲ್ಲದು. ಕಲ್ಯಾಣವನ್ನು ವಶಪಡಿಸಿಕೊಳ್ಳುವ ಮುನ್ನ ಕಲಚುರಿ ಬಿಜ್ಜಳನ ಮನೆತನದವರು ಇಲ್ಲಿಯೇ ಆಳಿದರು. ಬಸವಣ್ಣನವರು ಮೊದಲು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಕಾಯಕ ಮಾಡಿದ್ದು ಈ ಮಂಗಳವೇಢೆಯಲ್ಲಿ ಎಂಬುದು ನಮ್ಮ ಪರಂಪರೆಯ ಮಾತು. ಮಧ್ವಮತದ ಟೀಕಾಚಾರ್ಯರೆಂದು ಖ್ಯಾತರಾದ ಜಯತೀರ್ಥರ ಜನ್ಮಸ್ಥಳವೆಂದೂ ಇದನ್ನು ಹೇಳುತ್ತಾರೆ. ಮರಾಠಿಗರಿಗೆ ಇದು ಸಂತರ ಭೂಮಿ. ಕಾನ್ಹೋಪಾತ್ರೆಯ ಊರು, ದಾಮಾಜಿಪಂತರ ಊರು, ಚೋಖಾಮೇಳನು ದೇಹವಿಟ್ಟ ಊರು.

ದಾಮಾಜಿಪಂತರ ಗುಡಿಯಲ್ಲಿ ಸ್ವಲ್ಪ ಹೊತ್ತು ಕುಳಿತೆವು. ಹದಿನೈದನೆಯ ಶತಮಾನದಲ್ಲಿ ಅವರು ಬೀದರದ ಸುಲ್ತಾನನ ಅಧಿಕಾರಿಗಳಾಗಿದ್ದರು. ಸರಕಾರಿ ಕಣಜದ ಲೆಕ್ಕ ಅವರ ಕೈಯಲ್ಲಿತ್ತು. ಘೋರ ಬರಗಾಲ ಬಂದಾಗ ಅವರು ಅಪ್ಪಣೆಗೆ ಕಾಯದೆ ಕಣಜವನ್ನು ತೆರೆದು ಹಸಿದವರಿಗೆ ಹಂಚಿದರು. ಸುಲ್ತಾನನು ಅವರನ್ನು ಹಿಡಿತರಿಸಿದಾಗ ಪಂಢರಪುರದ ವಿಠ್ಠಲನು ವಿಠು ಎಂಬ ಮಹಾರನ ವೇಷದಿಂದ ಬೀದರಕ್ಕೆ ಹೋಗಿ ಧಾನ್ಯದ ಹಣವನ್ನು ಕಟ್ಟಿ ಬಂದನೆಂದು ಭಕ್ತರು ಹೇಳುವ ಕಥೆಯು ಇಂದಿಗೂ ಮನೆಮನೆಯಲ್ಲಿದೆ.

ಚೋಖಾಮೇಳನ ಕಥೆ ಬೇರೆ. ಅಸ್ಪೃಶ್ಯರೆಂದು ಊರ ಹೊರಗೆ ಇಡಲ್ಪಟ್ಟ ಕುಲದಲ್ಲಿ ಹುಟ್ಟಿದ ಆ ಸಂತನು 1338ರಲ್ಲಿ ಇದೇ ಮಂಗಳವೇಢೆಯ ಗೋಡೆಯ ಕೆಲಸದಲ್ಲಿ ಕೂಲಿ ಮಾಡುತ್ತಿದ್ದಾಗ, ಗೋಡೆ ಕುಸಿದು ಅನೇಕ ಕೂಲಿಕಾರರೊಡನೆ ಅದರಡಿಯಲ್ಲಿ ಸಿಕ್ಕಿ ಮಡಿದನು. ಸತ್ತವರಲ್ಲಿ ಅವನ ಎಲುಬು ಯಾವುದೆಂದು ಗುರುತಿಸಲು ನಾಮದೇವರೇ ಬರಬೇಕಾಯಿತು. ವಿಠ್ಠಲನಾಮ ಕೇಳಿಬಂದ ಎಲುಬುಗಳನ್ನು ಅವರು ಆಯ್ದುಕೊಂಡು ಪಂಢರಪುರಕ್ಕೆ ಒಯ್ದರೆಂದು ಪ್ರತೀತಿ. ಜೊತೆಯಲ್ಲಿ ಸತ್ತ ಉಳಿದ ಕೂಲಿಕಾರರ ಹೆಸರು ಯಾರಿಗೂ ತಿಳಿಯದು. ಆ ದಿನ ಈ ಮಾತು ನಮ್ಮ ಮನಸ್ಸಿಗೆ ತಟ್ಟಲಿಲ್ಲ. ಆರು ತಿಂಗಳ ತರುವಾಯ ತಟ್ಟಿತು.

ಪೇಟೆಯಲ್ಲಿ ನಮ್ಮನ್ನು ಇದಿರುಗೊಂಡವರು ಮರಾಠಿ ಶಾಲೆಯ ಗುರೂಜಿಯವರು. ಮೂವತ್ತು ವರುಷಗಳ ಹಿಂದೆ ಶಿಕ್ಷಕ ತರಬೇತಿಯ ಕಾಲದಲ್ಲಿ ನಮ್ಮ ಪರಿಚಯವಾದುದು. ಅವರ ಮನೆಯಲ್ಲಿ ಬಿಳಿಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿಯ ಊಟವಾಯಿತು. ಈ ಸೀಮೆಯ ಜೋಳಕ್ಕೆ ಸುತ್ತಲ ನಾಡಿನಲ್ಲೆಲ್ಲ ಹೆಸರಿದೆ. ಮಾಲದಂಡಿ ಎಂಬ ತಳಿಯನ್ನು ಪಕ್ಕದ ಮೋಹೋಳದ ಸಂಶೋಧನ ಕೇಂದ್ರದಲ್ಲಿ ಆರಿಸಿ ತೆಗೆದರು. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಮಳೆಗಾಲದ ತೇವವನ್ನು ಎರೆಮಣ್ಣು ಹಿಡಿದಿಟ್ಟುಕೊಂಡು, ಮೇಲೆ ಒಂದು ಹನಿ ನೀರು ಬೀಳದಿದ್ದರೂ ಆ ತೇವದಿಂದಲೇ ಈ ಬೆಳೆಯನ್ನು ಕೈಗೆ ಕೊಡುತ್ತದೆ.

ಊಟವಾದ ಮೇಲೆ ಗುರೂಜಿಯವರು ನಮ್ಮ ಪ್ರಶ್ನಾವಳಿಯನ್ನು ಓದಿದರು. ಮನೆಯ ಯಜಮಾನನ ಹೆಸರು, ಮಾತೃಭಾಷೆ, ಮನೆಯಲ್ಲಿ ಕನ್ನಡ ಓದಬಲ್ಲವರೆಷ್ಟು, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಕನ್ನಡ ಶಾಲೆ ಬೇಕೆ, ವಾಚನಾಲಯ ಬೇಕೆ, ಕನ್ನಡ ಪತ್ರಿಕೆ ಬರುತ್ತದೆಯೆ. ಹೀಗೆ ಹದಿನೆಂಟು ಪ್ರಶ್ನೆಗಳಿದ್ದವು. ಓದಿ ಮುಗಿಸಿ ಅವರು ನಸುನಕ್ಕರು. "ನಿಮಗೆ ಏನು ಬೇಕು ಎಂಬುದು ಇದರಲ್ಲಿ ಚೆನ್ನಾಗಿ ತಿಳಿಯುತ್ತದೆ" ಎಂದರು. ಆ ಮಾತಿನ ಮೊನೆ ನಮಗೆ ಆಗ ತಿಳಿಯಲಿಲ್ಲ, ಹೊಗಳಿಕೆಯೆಂದೇ ತಿಳಿದೆವು.

ಮರುದಿನ ಮರವಡೆಯ ಮಾರ್ಗವಾಗಿ ದಕ್ಷಿಣಕ್ಕೆ ಹೊರಟೆವು. ಕೆಲವು ಮೈಲು ಹೋಗುವಷ್ಟರಲ್ಲಿ ಎರೆಯ ಭೂಮಿ ಹಿಂದುಳಿದು ಕಲ್ಲು ಮಾಳ ಆರಂಭವಾಗುತ್ತದೆ. ಒಂದೇ ತಾಲೂಕು, ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಬರ. ಸೊಲ್ಲಾಪುರ ಜಿಲ್ಲೆಯಲ್ಲಿ ವರುಷಕ್ಕೆ ಸುಮಾರು 500ರಿಂದ 600 ಮಿಲಿಮೀಟರು ಮಳೆ. ಅದೂ ಒಂದು ವರುಷ ಬಂದರೆ ಇನ್ನೊಂದು ವರುಷ ಕೈಕೊಡುತ್ತದೆ. ಭೀಮೆಗೆ 1980ರಲ್ಲಿ ಉಜನಿಯ ಆಣೆಕಟ್ಟು ಪೂರ್ಣವಾದರೂ ಅದರ ನೀರು ಈ ಎತ್ತರದ ಮಾಳಕ್ಕೆ ತಾನಾಗಿ ಹರಿದು ಬರಲಾರದು. ಮೇಲಕ್ಕೆ ಎತ್ತಿ ತರಬೇಕು. ಇಲ್ಲಿಯ 35 ಹಳ್ಳಿಗಳ ನೀರಿನ ಬೇಡಿಕೆ ಬಹುಕಾಲದ್ದು. 2009ರ ಲೋಕಸಭಾ ಚುನಾವಣೆಯಲ್ಲಿ ಈ ಭಾಗದ ಹಳ್ಳಿಗಳು ನೀರಿಗಾಗಿ ಮತದಾನವನ್ನೇ ಬಹಿಷ್ಕರಿಸಿದ್ದವು.

ಹುಲಜಂತಿ ಈ ಭಾಗದ ಪ್ರಸಿದ್ಧ ಕ್ಷೇತ್ರ. ಅಲ್ಲಿಯ ಮಹಾಲಿಂಗರಾಯನ ಜಾತ್ರೆಯು ದೀಪಾವಳಿಯ ಅಮಾವಾಸ್ಯೆಯಲ್ಲಿ ನೆರೆಯುತ್ತದೆ. ಮಹಾರಾಷ್ಟ್ರದಿಂದಲೂ ಕರ್ನಾಟಕದಿಂದಲೂ ಪಾಲಕಿಗಳು ಬಂದು ಒಂದನ್ನೊಂದು ಭೇಟಿಯಾಗುತ್ತವೆ. ಕುರುಬ ಸಮಾಜದ ಸಹಸ್ರಾರು ಜನ ಭಂಡಾರದಲ್ಲಿ ಮಿಂದು ಹಳದಿಯಾಗುತ್ತಾರೆ. ನಾವು ಹೋದಾಗ ಜಾತ್ರೆ ಮುಗಿದಿತ್ತು. ದಾರಿಯ ಧೂಳಿನಲ್ಲಿ ಭಂಡಾರದ ಬಣ್ಣ ಇನ್ನೂ ಉಳಿದಿತ್ತು. ಕನ್ನಡದಲ್ಲಿ ಹಾಡಿ ಮರಾಠಿಯಲ್ಲಿ ವ್ಯಾಪಾರ ಮಾಡಿ ಮತ್ತೆ ಕನ್ನಡದಲ್ಲಿ ಬೈದಾಡಿ ಊರಿಗೆ ಮರಳುವ ಜನ ಇವರು. ಎರಡು ಭಾಷೆಗಳ ನಡುವೆ ಗೋಡೆಯಿದೆಯೆಂಬುದು ಅವರಿಗೆ ಗೊತ್ತಿಲ್ಲ.

ಅಲ್ಲಿಂದ ಒಂದು ವಸ್ತಿಗೆ ಹೋದೆವು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜನ ನಮ್ಮನ್ನು ನಂಬಿ ಹೇಳಿದ ಮಾತುಗಳಿವೆ. ಮೊದಲನೆಯ ಮನೆಯ ಕಟ್ಟೆಯ ಮೇಲೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಕುಳಿತಿದ್ದಳು. ಹಾಳೆಯನ್ನು ಬಿಡಿಸಿ, "ಆಯೀ, ನಿಮ್ಮ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?" ಎಂದು ಕೇಳಿದೆವು. ಆಕೆ ನಮ್ಮ ಮೂವರನ್ನೂ ಒಂದು ಸಲ ನೋಡಿದಳು.

"ಎಪ್ಪಾ ಗುರೂಜಿ, ಮನ್ಯಾಗ ಏನ ಮಾತಾಡತೀರಿ ಅಂತ ಕೇಳತೀರಿ. ಎರಡ ಕೊಡಾ ಹೊತಗೊಂಡ ಮಾಳಾ ಏರಿ ಬಂದ ಮ್ಯಾಲ ಮಾತಾಡಾಕ ಉಸರs ಇರೂದಿಲ್ಲ. ಬರಿಯೂದಿದ್ರ ಅದನ್ನ ಬರಕೋರಿ."

ಬರೆದುಕೊಳ್ಳಲು ನಮ್ಮ ಹಾಳೆಯಲ್ಲಿ ಜಾಗವಿರಲಿಲ್ಲ. ಹದಿನೆಂಟು ಪ್ರಶ್ನೆಗಳಲ್ಲಿ ನೀರಿನ ಪ್ರಶ್ನೆ ಒಂದೂ ಇರಲಿಲ್ಲ.

ಆ ದಿನ ಸಾಯಂಕಾಲದವರೆಗೆ ಹಟದಿಂದ ಹಾಳೆಗಳನ್ನು ತುಂಬಿಸಿದೆವು. ಜನರು ವಿನಯದಿಂದ ಉತ್ತರ ಕೊಟ್ಟರು. ಕನ್ನಡ ಶಾಲೆ ಬೇಕೆ ಎಂದರೆ ಬೇಕೆಂದರು. ವಾಚನಾಲಯ ಬೇಕೆ ಎಂದರೂ ಬೇಕೆಂದರು. ಮನೆಗೆ ಬಂದ ಅತಿಥಿ ಏನು ಕೇಳಿದರೂ ಹೌದೆನ್ನುವುದು ನಮ್ಮ ಜನರ ಮರ್ಯಾದೆ. ರಾತ್ರಿ ಹಾಳೆಗಳನ್ನು ತಿರುವಿ ನೋಡಿದಾಗ, ಎಲ್ಲ ಮನೆಗಳಿಗೂ ಎಲ್ಲವೂ ಬೇಕಾಗಿದ್ದಂತೆ ಕಂಡಿತು. ಅಂದರೆ ನಮಗೆ ಏನೂ ತಿಳಿದಿರಲಿಲ್ಲ. ಮೊದಲು ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ ಕಡೆಗೆ ಸಾಗಬೇಕೆಂದು ತರಬೇತಿಯ ಮೊದಲನೆಯ ತಿಂಗಳಿನಲ್ಲಿಯೇ ನಮಗೆ ಕಲಿಸಿದ್ದರು. ಮಕ್ಕಳಿಗೆ ಪಾಠ ಹೇಳುವಾಗ ಅದನ್ನು ಪಾಲಿಸಿಕೊಂಡು ಬಂದ ನಾವು, ದೊಡ್ಡವರಿಂದ ಪಾಠ ಕಲಿಯುವಾಗ ಮರೆತುಬಿಟ್ಟೆವು.

ಮರುದಿನ ಗುರೂಜಿಯವರು ತಾವೇ ಬಂದರು. ಅಂಗನವಾಡಿಯ ಬಾಯಿಯವರನ್ನೂ ಜೊತೆಗೆ ಕರೆತಂದರು. ಬಾಯಿಯವರು ಹುಟ್ಟಿದ್ದು ಇಂಡಿ ತಾಲೂಕಿನಲ್ಲಿ, ಕೊಟ್ಟದ್ದು ಈ ವಸ್ತಿಗೆ. ಎರಡೂ ಭಾಷೆ ನಾಲಗೆಯ ಮೇಲೆ. ಅವರು ಹಾಳೆಗಳನ್ನು ಚೀಲದೊಳಗೆ ಇಡಿಸಿದರು. ಹನುಮಂತ ದೇವರ ಗುಡಿಯ ಮುಂದಿನ ಬಯಲನ್ನು ಗುಡಿಸಿ, ರಂಗೋಲಿ ಪುಡಿಯನ್ನೂ ಒಂದು ಸೇರು ಜೋಳವನ್ನೂ ತರಿಸಿ, "ನಿಮ್ಮ ವಸ್ತಿಯನ್ನ ನೀವs ಬರೀರಿ" ಎಂದು ಜನರಿಗೆ ಹೇಳಿದರು.

ಇದೇನು ಮಕ್ಕಳಾಟವೆಂದು ನಮ್ಮ ಕಿರಿಯ ಶಿಕ್ಷಕರು ಮುಖ ಮುಖ ನೋಡಿಕೊಂಡರು. ಆದರೆ ಇದು ಆಟವಲ್ಲ. ಹಳ್ಳಿಯ ಜನರೇ ತಮ್ಮ ಊರಿನ ನಕ್ಷೆಯನ್ನು ನೆಲದ ಮೇಲೆ ಬರೆದು, ತಮ್ಮ ಕೊರತೆಗಳನ್ನು ತಾವೇ ಅಳೆಯುವ ಈ ಪದ್ಧತಿಯು 1980ರ ದಶಕದ ಕೊನೆಗೆ ನಮ್ಮ ದೇಶದಲ್ಲಿ ಬಳಕೆಗೆ ಬಂದಿತು. 1968ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈರಾಡ ಸಂಸ್ಥೆಯು ಇದನ್ನು ಮೊದಲು ಕೈಗೆತ್ತಿಕೊಂಡವುಗಳಲ್ಲಿ ಒಂದು. ರಾಬರ್ಟ್ ಚೇಂಬರ್ಸ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಇದನ್ನು ಬೇರೆ ಬೇರೆ ದೇಶಗಳಲ್ಲಿ ಪ್ರಚುರಪಡಿಸಿದರು. ಅಕ್ಷರ ಬಾರದವರೂ ಇಲ್ಲಿ ಬರೆಯಬಲ್ಲರು; ಬರೆದುದು ತಪ್ಪಾದರೆ ಪಕ್ಕದಲ್ಲಿ ನಿಂತ ನೆರೆಯವನೇ ತಿದ್ದುತ್ತಾನೆ. ಇದರ ಬಲವೆಲ್ಲ ಇಷ್ಟರಲ್ಲಿದೆ.

ಗಂಡಸರು ಒಂದು ನಕ್ಷೆ ಬರೆದರು. ಅದರಲ್ಲಿ ಗುಡಿ, ಚಾವಡಿ, ದೊಡ್ಡ ರಸ್ತೆ, ಹೊಲಗಳ ಬದು, ಮತಗಟ್ಟೆ ಇದ್ದವು. ಆಮೇಲೆ ಹೆಂಗಸರು ಬೇರೊಂದು ನಕ್ಷೆ ಬರೆದರು. ಅದರಲ್ಲಿ ಮೊದಲು ಮೂಡಿದ್ದು ಬಾವಿಗಳು. ಒಂದೊಂದು ಬಾವಿಯ ಮೇಲೂ ಅವರು ಜೋಳದ ಕಾಳುಗಳನ್ನಿಟ್ಟರು. ಎಷ್ಟು ಕಾಳೋ ಅಷ್ಟು ತಿಂಗಳು ನೀರು. ಒಂದರ ಮೇಲೆ ಎಂಟು, ಇನ್ನೊಂದರ ಮೇಲೆ ಐದು. ಶಾಲೆಯ ಪಕ್ಕದ ಬಾವಿಯ ಮೇಲೆ ಒಂದೂ ಇಲ್ಲ. ಎರಡೂ ನಕ್ಷೆಗಳು ಒಂದೇ ವಸ್ತಿಯವು ಎಂದು ಹೊಸಬರಿಗೆ ಹೇಳಿದರೆ ನಂಬಲಾರರು. ನಮ್ಮ ಪ್ರಶ್ನಾವಳಿಯಾದರೋ "ಮನೆಯ ಯಜಮಾನನ ಹೆಸರು" ಎಂದು ಆರಂಭವಾಗಿತ್ತು.

ಅಷ್ಟರಲ್ಲಿ ಹತ್ತು ವರುಷದ ಹುಡುಗನೊಬ್ಬನು ಮನೆಗಳ ಗುರುತಿನ ಮೇಲೆ ಸಣ್ಣ ಕಲ್ಲುಗಳನ್ನು ಇಡತೊಡಗಿದನು. ಏಕೆಂದು ಕೇಳಿದರೆ, "ಇವು ಬೀಗದ ಮನೀರಿ. ಕಬ್ಬಿಗೆ ಹೋಗ್ಯಾರ" ಎಂದನು. ಹಿಂದಿನ ದಿನ ನಾವು ಆ ಮನೆಗಳ ಮುಂದೆಯೇ ಹಾದು ಹೋಗಿದ್ದೆವು. ಬೀಗವನ್ನು ಕಂಡು ಹಾಳೆಯನ್ನು ಖಾಲಿ ಬಿಟ್ಟು ಮುಂದಿನ ಮನೆಗೆ ಹೋಗಿದ್ದೆವು. ಮುಕಾದಮನಿಂದ ಮುಂಗಡ ತಂದು, ಗಂಡಹೆಂಡಿರಿಬ್ಬರೂ ಕುಡುಗೋಲು ಹಿಡಿದು ಸಕ್ಕರೆ ಕಾರಖಾನೆಗಳ ಸೀಮೆಗೆ ಹೋಗುವ ಆ ಮನೆತನಗಳು ಮರಳುವುದು ಬೇಸಿಗೆಗೇ. ಕೂಸುಕುನ್ನಿಗಳೂ ಜೊತೆಗೇ ಹೋಗುತ್ತವೆ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಕೊರತೆಯುಳ್ಳವರು ಯಾರೋ ಅವರೇ ನಮ್ಮ ಲೆಕ್ಕದಲ್ಲಿ ಇರಲಿಲ್ಲ.

ಇಲ್ಲಿ ನಮ್ಮ ತಪ್ಪುಗಳನ್ನು ಮುಚ್ಚಿಡಲಾರೆವು. ಒಂದು ಮನೆಯಲ್ಲಿ ಯಜಮಾನನು ಮರಾಠಿಯಲ್ಲಿ ಮಾತಾಡಿದನೆಂದು ಮಾತೃಭಾಷೆ ಮರಾಠಿ ಎಂದು ಬರೆದು ಎದ್ದಿದ್ದೆವು. ಅಂಗಳ ದಾಟುವಾಗ ಒಳಗಿನಿಂದ ತೊಟ್ಟಿಲ ಹಾಡು ಕನ್ನಡದಲ್ಲಿ ಕೇಳಿಬಂದಿತು. ಇನ್ನೊಂದು ಮನೆಯಲ್ಲಿ ಅಡ್ಡಹೆಸರನ್ನು ನೋಡಿಯೇ ಕನ್ನಡವೆಂದು ಬರೆದಿದ್ದೆವು. ಆ ಮನೆಯ ತಾಯಿ, "ನಮ್ಮ ಅತ್ತಿ ಕಾಲದಾಗ ಇತ್ರಿ, ಈಗ ಮರಾಠೀನs" ಎಂದು ತಿದ್ದಿದಳು. ವಾದ ಮಾಡಲು ನಮ್ಮ ಬಾಯಿ ತೆರೆದಿತ್ತು. ಗುರೂಜಿಯವರು ಕೈ ಅದುಮಿದರು. ಮನೆಯವರು ಹೇಳಿದ್ದನ್ನೇ ಬರೆದೆವು.

ಮೂರನೆಯದು ಇನ್ನೂ ಸೂಕ್ಷ್ಮವಾದುದು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಸೂತ್ರವನ್ನು ಒಪ್ಪಿತು: ಒಂದು ತರಗತಿಯಲ್ಲಿ 10 ಮಕ್ಕಳಾಗಲಿ, ಇಡೀ ಶಾಲೆಯಲ್ಲಿ 40 ಮಕ್ಕಳಾಗಲಿ ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯ ಶಿಕ್ಷಕರನ್ನು ಒದಗಿಸಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಈ ಆಧಾರದ ಮೇಲೆ ಮನವಿ ಬರೆಯಬೇಕೆಂದು ನಾವು ಬಂದಿದ್ದೆವು. ಮೊದಲನೆಯ ಇಯತ್ತೆಗೆ ಬರುವ ಕನ್ನಡ ಮನೆಯ ಮಕ್ಕಳನ್ನು ಎಣಿಸಿದರೆ ಎಂಟೇ ಆದರು. ನಮ್ಮ ಕಿರಿಯ ಶಿಕ್ಷಕರೊಬ್ಬರು ಉತ್ಸಾಹದಿಂದ, "ಸರ್, ಪಕ್ಕದ ವಸ್ತಿಯ ಎರಡು ಹೆಸರು ಸೇರಿಸಿದರಾಯಿತು, ಯಾರು ನೋಡಬಂದಾರು?" ಎಂದರು. ಒಂದು ಗಳಿಗೆ ನಾವೂ ಸುಮ್ಮನಿದ್ದೆವು. ಸುಮ್ಮನಿದ್ದುದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಕರಣಿಕ ಬಸವಣ್ಣನ ಊರಿನಲ್ಲಿ ಕುಳಿತು ಸುಳ್ಳು ಲೆಕ್ಕ ಬರೆಯುವುದೆ? ಎಂಟನ್ನು ಎಂಟೆಂದೇ ಬರೆದು ಊರಿಗೆ ಮರಳಿದೆವು.

ಮೇ ತಿಂಗಳ ರಜೆಯಲ್ಲಿ ಮತ್ತೆ ಹೋದೆವು. ಮಾಳವು ಕಾದ ಹಂಚಿನಂತಿತ್ತು. ಜೋಳದ ಹೊಲಗಳು ಬರಿದಾಗಿ, ಮನೆಗಳ ಹಿತ್ತಿಲಲ್ಲಿ ಕಣಿಕೆಯ ಬಣವೆಗಳು ನಿಂತಿದ್ದವು. ಬೀಗಗಳು ತೆರೆದಿದ್ದವು. ಈ ಸಲ ನಮ್ಮ ಚೀಲದಲ್ಲಿ ಹಾಳೆಗಳಿರಲಿಲ್ಲ. ಒಂದು ಎರಡುನೂರು ಪುಟದ ವಹಿ ಮಾತ್ರ ಇತ್ತು. ಕಬ್ಬಿನಿಂದ ಮರಳಿದ ಮನೆಗಳ ಅಂಗಳದಲ್ಲಿ ಕುಳಿತು, ಅವರು ಹೇಳಿದಂತೆ ಬರೆದುಕೊಂಡೆವು. ಆ ಮನೆಗಳಲ್ಲಿ ಶಾಲೆಯ ವಯಸ್ಸಿನ ಮಕ್ಕಳಿದ್ದರು. ಆರು ವರುಷ ತುಂಬಿ ಮೊದಲನೆಯ ಇಯತ್ತೆಗೆ ಬರಬೇಕಾದವರು ಮೂವರು. ಸುಳ್ಳು ಹೇಳದೆಯೇ ಎಂಟು ಹನ್ನೊಂದಾಯಿತು. ಆದರೆ ಹಿಗ್ಗುವ ಮನಸ್ಸಾಗಲಿಲ್ಲ. ಆ ಮೂವರಲ್ಲಿ ಹುಡುಗಿಯೊಬ್ಬಳ ಅಂಗೈ ನೋಡಿದೆವು. ಕಬ್ಬಿನ ಸೋಗೆ ಕಟ್ಟಿ ಕಟ್ಟಿ ಗೀರುಬಿದ್ದ ಆ ಅಂಗೈಯು ಆರು ವರುಷದ ಕೂಸಿನದೆಂದು ಹೇಳಲಾಗುತ್ತಿರಲಿಲ್ಲ. ಗೋಡೆಯಡಿಯಲ್ಲಿ ಹೆಸರಿಲ್ಲದೆ ಹೋದ ಕೂಲಿಕಾರರು ಅಂದು ನಮಗೆ ನೆನಪಾದರು.

ಅದೇ ಸಂಜೆ ಗುಡಿಯ ಮುಂದೆ ಸಭೆ ಸೇರಿತು. ಗುರೂಜಿಯವರು, ಗ್ರಾಮಸೇವಕರು, ಅಂಗನವಾಡಿಯ ಬಾಯಿಯವರು, ಕನ್ನಡ ಮನೆಯವರು, ಮರಾಠಿ ಮನೆಯವರು ಎಲ್ಲರೂ ಇದ್ದರು. ನಿಮ್ಮ ಅವಶ್ಯಕತೆಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಕೇಳಿ, ಒಬ್ಬೊಬ್ಬರ ಕೈಯಲ್ಲಿ ಐದೈದು ಜೋಳದ ಕಾಳು ಕೊಟ್ಟೆವು. ಹೆಚ್ಚು ಕಾಳು ಬಿದ್ದುದು ನೀರಿಗೆ. ವಸ್ತಿಯ ಹಳೆಯ ಕೆರೆಯ ಹೂಳು ತೆಗೆಯಬೇಕು, ಶಾಲೆಯ ಬಾವಿಯನ್ನು ಆಳಗೊಳಿಸಬೇಕು ಎಂದರು. ಎರಡನೆಯದು, ತಂದೆತಾಯಿ ಕಬ್ಬಿಗೆ ಹೋದಾಗ ಮಕ್ಕಳು ಊರಿನಲ್ಲಿಯೇ ಉಳಿದು ಉಂಡು ಓದುವ ಏರ್ಪಾಡು. ಇಂಥ ಮಕ್ಕಳಿಗಾಗಿ ಹಂಗಾಮಿ ವಸತಿಗೃಹಗಳನ್ನು ನಡೆಸುವ ಯೋಜನೆ ಮಹಾರಾಷ್ಟ್ರದಲ್ಲಿ ಇದೆ. ಆದರೆ ಮಕ್ಕಳ ಪಟ್ಟಿಯು ಅವರು ಹೊರಟು ಹೋಗುವ ಮುಂಚೆಯೇ ಸಿದ್ಧವಾಗಬೇಕು. ದೀಪಾವಳಿಯ ಅನಂತರ ಬಂದು ಬೀಗವನ್ನು ಎಣಿಸಿದರೆ ಆಗದು. ಮೂರನೆಯದಾಗಿ, ಚಿಕ್ಕ ಮಕ್ಕಳಿಗೆ ಕನ್ನಡ ಬಲ್ಲ ಶಿಕ್ಷಕರೊಬ್ಬರು ಬೇಕೆಂದು ಕೇಳಿದರು.

ನಾವು ಮೊದಲನೆಯದೆಂದು ತಂದ ಬೇಡಿಕೆಯನ್ನು ಜನರು ಮೂರನೆಯದಾಗಿ ಇಟ್ಟರು. ಕನ್ನಡದ ಮೇಷ್ಟರಾದ ನಮಗೆ ಒಳಗೆ ನೋವಾಗದಿರಲಿಲ್ಲ. ಆಗ ಒಬ್ಬ ಮರಾಠಿ ಗೃಹಸ್ಥನು ಎದ್ದು ಹೇಳಿದ ಮಾತು ನಮ್ಮ ನೋವನ್ನು ಕಳೆಯಿತು. "ಈ ಮಕ್ಕಳು ಮೊದಲನೇ ವರುಷ ಶಾಲೆಯಲ್ಲಿ ಮೂಕರಂತೆ ಕೂಡ್ರುತ್ತಾರೆ. ದಡ್ಡರೆಂದು ತಿಳಿದಿದ್ದೆವು. ಮನೆಗೆ ಹೋದ ಮೇಲೆ ನಮ್ಮ ಮಕ್ಕಳಿಗಿಂತ ಜೋರಾಗಿ ಮಾತಾಡುತ್ತಾರೆ. ಶಿಕ್ಷಕರು ಬರಲಿ, ನಾವೂ ರುಜು ಹಾಕುತ್ತೇವೆ" ಎಂದನು. ನಾವೊಬ್ಬರೇ ಬೇಡಿದ್ದರೆ ಅದು ಗಡಿಯ ಜಗಳವಾಗುತ್ತಿತ್ತು. ಊರೇ ಬೇಡಿದುದರಿಂದ ಮಕ್ಕಳ ಬೇಡಿಕೆಯಾಯಿತು.

ಮನವಿಗಳು ಹೋಗಿವೆ. ಶಿಕ್ಷಕರು ಇನ್ನೂ ಬಂದಿಲ್ಲ. ಕಬ್ಬಿಗೆ ಹೋಗುವ ಮನೆಗಳ ಮಕ್ಕಳ ಪಟ್ಟಿಯನ್ನು ಈ ಸಲ ದಸರೆಗೆ ಮುಂಚೆಯೇ ಮಾಡುವುದಾಗಿ ಅಂಗನವಾಡಿಯ ಬಾಯಿಯವರೂ ಗುರೂಜಿಯವರೂ ಹೊಣೆ ಹೊತ್ತಿದ್ದಾರೆ. ಕೆರೆಯ ಹೂಳನ್ನು ಮಾತ್ರ ಜನರು ಯಾರಿಗೂ ಕಾಯದೆ ತೆಗೆಯತೊಡಗಿದರು; ಹೂಳುಮಣ್ಣನ್ನು ತಂತಮ್ಮ ಹೊಲಕ್ಕೆ ಒಯ್ದರು. ಸೊನ್ನಲಿಗೆಯಲ್ಲಿ ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದ ಸಿದ್ಧರಾಮನ ಸೀಮೆಯವರಲ್ಲವೆ?

ನಮ್ಮ ಗಡಿಯ ಜನರನ್ನು ಎಣಿಸಿದವರು ಕಡಿಮೆಯಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. ಅಕ್ಕಲಕೋಟೆ ತಾಲೂಕೂ, ದಕ್ಷಿಣ ಸೊಲ್ಲಾಪುರ ಮತ್ತು ಜತ್ತ ತಾಲೂಕುಗಳ ಹಲವು ಗ್ರಾಮಗಳೂ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಅದು ಹೇಳಿತು; ಅದು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಗಡಿಯ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಆ ಎಣಿಕೆಗಳಲ್ಲೆಲ್ಲ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: ನೀವು ಯಾರ ಕಡೆಯವರು? ನಿಮಗೇನು ಬೇಕು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. 2022ರ ಕೊನೆಯಲ್ಲಿ ಗಡಿಯ ಕೆಲವು ಬರಪೀಡಿತ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಕೂಗಿದಾಗ, ಪತ್ರಿಕೆಗಳು ಅದನ್ನು ಗಡಿಯ ಸುದ್ದಿಯೆಂದು ಬರೆದವು. ಹತ್ತಿರ ಹೋಗಿ ಕೇಳಿದವರಿಗೆ ಅದು ನೀರಿನ ಕೂಗೆಂದು ತಿಳಿಯುತ್ತಿತ್ತು.

ಇಷ್ಟೆಲ್ಲ ಹೇಳಿದ್ದು ಎಣಿಕೆ ಬೇಡವೆಂದಲ್ಲ. ಎಣಿಕೆ ಬೇಕೇ ಬೇಕು. 2011ರ ಜನಗಣತಿಯಲ್ಲಿ ಸೊಲ್ಲಾಪುರ ಜಿಲ್ಲೆಯ 43 ಲಕ್ಷ ಜನರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದ್ದರು. 2021ರಲ್ಲಿ ಆಗಬೇಕಿದ್ದ ಗಣತಿಯು ಮುಂದಕ್ಕೆ ಹೋಗಿ, 2027ರ ಗಣತಿಗೆ 2025ರ ಜೂನಿನಲ್ಲಿ ಅಧಿಸೂಚನೆ ಹೊರಟಿತು. ಗಣತಿಯ ನಿಯಮದಂತೆ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿಯು ಮಗುವಿನೊಡನೆ ಆಡಿದ ಭಾಷೆ. ಶಾಲೆಯಲ್ಲಿ ಕಲಿತದ್ದಲ್ಲ, ಪೇಟೆಯಲ್ಲಿ ಆಡುವುದಲ್ಲ. ಬಲ್ಲ ಬೇರೆ ಭಾಷೆಗಳನ್ನು ಬೇರೆಯಾಗಿ ಬರೆಸಬಹುದು. ಗಣತಿದಾರನು ಕೇಳದೆ ಬರೆದುಕೊಂಡರೆ, ಏನು ಬರೆದಿರೆಂದು ವಿನಯದಿಂದ ಕೇಳಿರಿ. ಇದ್ದುದನ್ನು ಇದ್ದಂತೆ ಹೇಳಿರಿ. ಹೆಚ್ಚಿಗೆ ಬೇಡ, ಕಡಿಮೆಯೂ ಬೇಡ.

ತಮ್ಮ ಊರಿನ ಅವಶ್ಯಕತೆಗಳನ್ನು ತಾವೇ ಬರೆದುಕೊಳ್ಳಬೇಕೆಂಬ ವಾಚಕರಿಗೆ ನಮ್ಮ ಅನುಭವದ ಎರಡು ಮಾತು. ಪ್ರಶ್ನೆಗಳನ್ನು ಮನೆಯಲ್ಲಿ ಕುಳಿತು ಅಚ್ಚು ಹಾಕಿಸಬೇಡಿರಿ. ಮೊದಲು ಹೋಗಿ ಕೇಳಿ, ಆಮೇಲೆ ಬರೆಯಿರಿ. ಹೆಂಗಸರನ್ನು ಬೇರೆಯಾಗಿ ಕೇಳಿರಿ. ಬೀಗದ ಮನೆಗೆ ಎರಡನೆಯ ಸಲ ಹೋಗಿರಿ. ನೆರೆಯ ಭಾಷೆಯವರನ್ನು ಜೊತೆಗೆ ಕರೆದುಕೊಳ್ಳಿರಿ. ಬರೆದುದನ್ನು ಊರ ಮುಂದೆ ಓದಿ ತೋರಿಸಿರಿ. ಶಿಕ್ಷಣ ಹಕ್ಕಿನ 2009ರ ಕಾಯಿದೆಯಂತೆ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೂ, ಒಟ್ಟಿನಲ್ಲಿ ಅರ್ಧದಷ್ಟು ಹೆಂಗಸರೂ ಇರಬೇಕು. ಶಾಲೆಯ ಅಭಿವೃದ್ಧಿಯ ಯೋಜನೆಯನ್ನು ಬರೆಯುವ ಅಧಿಕಾರವೂ ಆ ಸಮಿತಿಗಿದೆ. ಆ ಅಧಿಕಾರವನ್ನು ಉಪಯೋಗಿಸಿರಿ. ಕರ್ನಾಟಕದಲ್ಲಿ 2010ರ ಕಾಯಿದೆಯಿಂದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೆಂಬುದು ಏರ್ಪಟ್ಟಿದೆ; ಅದಕ್ಕೆ ಬರೆಯುವಾಗಲೂ ಊರಿನವರೆಲ್ಲರ ರುಜುವಿರಲಿ.

ಹೊರಡುವ ದಿನ ಆ ಮುದುಕಿಯ ಮನೆಗೆ ಹೋಗಿ ವಹಿಯನ್ನು ತೆರೆದು ಮೊದಲನೆಯ ಪುಟವನ್ನು ಓದಿದೆವು. "ಎರಡು ಕೊಡ ಹೊತ್ತು ಮಾಳ ಏರಿದ ಮೇಲೆ ಮಾತನಾಡಲು ಉಸಿರಿರುವುದಿಲ್ಲ" ಎಂದು ಅದರಲ್ಲಿ ಬರೆದಿತ್ತು. ಆಕೆ ತಲೆಯಾಡಿಸಿ, ಒಳಗೆ ಹೋಗಿ ಒಂದು ಸೇರು ಬಿಳಿಜೋಳವನ್ನು ತಂದು ನಮ್ಮ ಚೀಲಕ್ಕೆ ಸುರಿದಳು. "ಮುಂದಿನ ಸಲ ಬಂದಾಗ ನೀರ ಬಂದಿದ್ರ ಮಾತಾಡೂಣು, ಗುರೂಜಿ" ಎಂದಳು.

ಆ ಜೋಳದಿಂದ ನಮ್ಮ ಮನೆಯಲ್ಲಿ ರೊಟ್ಟಿಯಾಯಿತು. ಒಂದು ಹಿಡಿಯನ್ನು ಮಾತ್ರ ತೆಗೆದು ಶಾಲೆಯ ಮೇಜಿನ ಖಾನೆಯಲ್ಲಿ ಇಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಕಾಳು ಹಂಚಲು ಬೇಕಾಗುತ್ತದೆ.